ಮೂತ್ರಕೋಶ ತೆಗೆದ ನಂತರ

ಕ್ಯಾನ್ಸರ್‌ನಿಂದಾಗಿ ಮೂತ್ರಕೋಶವನ್ನೇ ತೆಗೆದರೆ ಮೂತ್ರ ಹೋಗುವುದೆಲ್ಲಿಗೆ? ಸಾಮಾನ್ಯವಾಗಿ ಶಸ್ತ್ರವೈದ್ಯರು ಸಣ್ಣಕರುಳಿನ 15–20 ಸೆಂ.ಮೀ. ತುಂಡೊಂದನ್ನು ಬೇರ್ಪಡಿಸಿ, ಎರಡೂ ಮೂತ್ರನಾಳಗಳನ್ನು ಅದಕ್ಕೆ ಜೋಡಿಸುತ್ತಾರೆ. 1950ರಲ್ಲಿ ಅಮೆರಿಕದ ಡಾ. ಬ್ರಿಕರ್ ರೂಢಿಗೆ ತಂದ ವಿಧಾನವಿದು. ತುಂಡಿನ ತುದಿ ಹೊಟ್ಟೆಯ ಬಲಭಾಗದಲ್ಲಿ ಹೊರಬರುತ್ತದೆ. ಈ ಬಾಯಿಯಿಂದ ಮೂತ್ರ ಹಗಲಿರುಳೂ ತೊಟ್ಟಿಕ್ಕುವುದರಿಂದ ಚೀಲ ಅಂಟಿಸಿರಬೇಕು. ಮಲೆನಾಡಿನ ಮಳೆಗಾಲದಲ್ಲಿ ಚರ್ಮ ಪೂರ್ತಿ ಒಣಗದೆ ಅಂಟಿಸಿದರೆ ಅದು ನಿಲ್ಲದು.

ಮೂತ್ರದಲ್ಲಿ ಬಿಳಿ ಲೋಳೆ ಕಂಡರೆ ಗಾಬರಿ ಬೇಡ. ಅದು ಕರುಳಿನ ಸ್ವಭಾವ. ಕಳಸದಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಚೀಲ ತುಂಬೀತೆಂದು ಕೆಲವರು ನೀರನ್ನೇ ಕುಡಿಯುವುದಿಲ್ಲ. ಸೋಂಕಿಗೂ ಕಲ್ಲಿಗೂ ಇದೇ ದಾರಿ. ವೈದ್ಯರು ಮಿತಿ ಹೇಳಿರದಿದ್ದರೆ ಧಾರಾಳವಾಗಿ ಕುಡಿಯಿರಿ. ಚೀಲ ಅರ್ಧ ತುಂಬುವ ಮೊದಲೇ ಖಾಲಿ ಮಾಡಿ. ಚಳಿಜ್ವರ, ಪಕ್ಕೆನೋವು ಬಂದರೆ ಅಥವಾ ಕೆಲವು ಗಂಟೆ ಮೂತ್ರವೇ ಬಾರದಿದ್ದರೆ ಮಳೆ ಬಿಡಲೆಂದು ಕಾಯದೆ ಅಂದೇ ಆಸ್ಪತ್ರೆಗೆ ಹೊರಡಿ.