ಬಲೆಯ ಬೆಲೆ ಯಾರು ಕೊಡಬೇಕು?

ಕಡಲ ಜೀವಿಗಳ ಸಂರಕ್ಷಣೆ ವಿಜ್ಞಾನ ವಿಭಾಗದವರ ವೃತ್ತಿ ಎಂದು ಹೆಚ್ಚಿನವರು ಹೇಳುತ್ತಾರೆ. ಅದು ಅರ್ಧ ಸತ್ಯ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಮಂಗಳೂರಿನಲ್ಲಿ ಆರಂಭವಾಯಿತು. ಅಲ್ಲಿನ ನಾಲ್ಕು ವರ್ಷದ ಬಿ.ಎಫ್.ಎಸ್‌ಸಿ. ಪದವಿಗೆ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿರಬೇಕು. ನನ್ನಂಥ ವಾಣಿಜ್ಯ ವಿದ್ಯಾರ್ಥಿಗಳಿಗೆ ಆ ಬಾಗಿಲು ಮುಚ್ಚಿದೆ. ಉಳಿದರ್ಧ ಸತ್ಯ ತಿಳಿಯಲು ಗುಜರಾತಿನ ಒಂದು ಉದಾಹರಣೆ ನೋಡೋಣ.

ತಿಮಿಂಗಿಲ ಶಾರ್ಕ್ ಜಗತ್ತಿನ ಅತಿ ದೊಡ್ಡ ಮೀನು. ಸೂಕ್ಷ್ಮ ಜೀವಿಗಳನ್ನು ನೀರಿನಿಂದ ಸೋಸಿ ತಿನ್ನುವ ಸಾಧು ಪ್ರಾಣಿ. ಸೌರಾಷ್ಟ್ರದ ಕರಾವಳಿಯಲ್ಲಿ ಇದನ್ನು ಮಾಂಸಕ್ಕಾಗಿ, ದೋಣಿಗೆ ಬಳಿಯುವ ಎಣ್ಣೆಗಾಗಿ ಕೊಲ್ಲುತ್ತಿದ್ದರು. ಮೈಕ್ ಪಾಂಡೆ ಅವರ ಸಾಕ್ಷ್ಯಚಿತ್ರ ಈ ಬೇಟೆಯನ್ನು ದೇಶಕ್ಕೆ ತೋರಿಸಿತು. 2001ರಲ್ಲಿ ಸರ್ಕಾರ ಈ ಮೀನನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿತು.

ಕಾನೂನು ಬಂದರೂ ಮೀನು ಬಲೆಗೆ ಬೀಳುವುದು ನಿಲ್ಲಲಿಲ್ಲ. ಅದನ್ನು ಬದುಕಿಸಲು ಬಲೆ ಕತ್ತರಿಸಬೇಕು. ಬಲೆಯೇ ಮೀನುಗಾರನ ಬಂಡವಾಳ. ಮೀನು ಉಳಿದರೆ ಲಾಭ ಎಲ್ಲರಿಗೂ, ನಷ್ಟ ಮಾತ್ರ ಅವನೊಬ್ಬನಿಗೆ. ಇದು ನ್ಯಾಯವೇ?

ಇಲ್ಲಿ ಎರಡು ಕೆಲಸಗಳು ನಡೆದವು. ಮೊದಲನೆಯದು ಶಿಕ್ಷಣ. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಮತ್ತು ಅರಣ್ಯ ಇಲಾಖೆಯವರು ಜಾಗೃತಿ ಅಭಿಯಾನ ಆರಂಭಿಸಿದರು. ಕಥಾವಾಚಕ ಮೊರಾರಿ ಬಾಪು ಈ ಮೀನನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿದರು. ಅದಕ್ಕೆ 'ವ್ಹಾಲಿ' ಎಂಬ ಹೆಸರು ಬಂತು. ಗುಜರಾತಿಯಲ್ಲಿ ಹಾಗೆಂದರೆ ಪ್ರೀತಿಯವಳು. ನಮ್ಮ ಮನೆಯ ಉರ್ದುವಿನಲ್ಲಿ ಹೇಳುವುದಾದರೆ ಲಾಡ್ಲಿ. ತವರಿಗೆ ಬಂದ ಮಗಳನ್ನು ಯಾರು ಕೊಲ್ಲುತ್ತಾರೆ?

ಎರಡನೆಯದು ಲೆಕ್ಕ. ಹಾಳಾದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡತೊಡಗಿತು. ಮುಂದೆ ಮೀನುಗಾರರ ಕೈಗೆ ಕ್ಯಾಮೆರಾ ಬಂತು. ಬಲೆ ಕತ್ತರಿಸಿ ಮೀನನ್ನು ಬಿಟ್ಟ ಫೋಟೊವೇ ಪರಿಹಾರಕ್ಕೆ ಆಧಾರ. ಅಕೌಂಟೆನ್ಸಿಯಲ್ಲಿ ನಾವು ಓದುವ ವೋಚರ್‌ನ ಕೆಲಸವನ್ನೇ ಆ ಫೋಟೊ ಮಾಡುತ್ತದೆ. ಹೀಗೆ ನೂರಾರು ಮೀನುಗಳು ಜೀವಂತವಾಗಿ ಕಡಲಿಗೆ ಮರಳಿವೆ.

ಮೀನಿಗೆ ಉಪಗ್ರಹ ಟ್ಯಾಗ್ ಕಟ್ಟಿ ಅದರ ಸಂಚಾರ ಅರಿಯಲು ಜೀವವಿಜ್ಞಾನಿ ಬೇಕು. ಬಂದರಿನಲ್ಲಿ ಕುಳಿತು ಮೀನುಗಾರರೊಡನೆ ಅವರ ಭಾಷೆಯಲ್ಲೇ ಮಾತನಾಡಲು ಶಿಕ್ಷಕ ಬೇಕು. ಪರಿಹಾರದ ಹಣ ತಡವಾಗದೆ, ಸೋರದೆ ತಲುಪಲು ಲೆಕ್ಕ ಬಲ್ಲವರು ಬೇಕು. ಹಣ ತಲುಪದಿದ್ದರೆ ಮುಂದಿನ ಸಲ ಬಲೆಗೆ ಕತ್ತರಿ ಹಾಕಲು ಮೀನುಗಾರನಿಗೆ ಮನಸ್ಸು ಬಂದೀತೇ?

ಬಿ.ಕಾಂ. ಮುಗಿಸಿ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು ಇಂಥ ಸಂಸ್ಥೆಗಳಲ್ಲಿ ದುಡಿಯಬಹುದು. ನನ್ನ ಆಸೆಯೂ ಅದೇ. ವಿಜ್ಞಾನ ವಿಭಾಗದ ಗೆಳೆಯರೇ, ನೀವು ಮೀನನ್ನು ಓದಿ. ಬಲೆಯ ಲೆಕ್ಕ ನಮಗಿರಲಿ.