ಮೊದಲ ಡೋಸಿಗೆ ಮುಂಚೆ ಎರಡು ಬಾಟಲಿ

ಗಡಹಿಂಗ್ಲಜ, ಇಚಲಕರಂಜಿ, ಕೊಲ್ಹಾಪುರ ಕಡೆಯ ದವಾಖಾನೆಗಳಿಂದ ಬರುವ ರಕ್ತ, ಕಫದಲ್ಲಿ ಬ್ಯಾಕ್ಟೀರಿಯಾ ಹುಡುಕುವುದು ನನ್ನ ಕೆಲಸ. ಕಲಿತದ್ದರಲ್ಲಿ ಹೆಚ್ಚಿನದು ಹಾಸಿಗೆಯ ಪಕ್ಕ ನಿಂತಾಗ ಕಲಿತದ್ದು.

1. ಔಷಧದ ಚೀಲ ಬಿಚ್ಚಿಸಿ ನೋಡಿ.

ಇಚಲಕರಂಜಿಯ ಮಗ್ಗದಲ್ಲಿ ದುಡಿಯುತ್ತಿದ್ದ, ಗಡಹಿಂಗ್ಲಜ ಕಡೆಯ ಹಳ್ಳಿಯವರೊಬ್ಬರನ್ನು ಮಗ ಕೊಲ್ಹಾಪುರಕ್ಕೆ ಕರೆತಂದಿದ್ದ. ಒಂಬತ್ತು ದಿನದ ಜ್ವರ, ಪಕ್ಕೆನೋವು, ಏದುಸಿರು. 'ಏನೇನು ಔಷಧ ಆಗ್ಯಾವು?' ಎಂದರೆ 'ಜ್ವರದ ಗುಳಗಿ ಅಷ್ಟರೀ' ಎಂದ. ಕೈಯಲ್ಲಿದ್ದ ಕ್ಯಾರಿಬ್ಯಾಗನ್ನು ಮೇಜಿನ ಮೇಲೆ ಸುರಿಸಿದೆ. ಮೂರರಲ್ಲಿ ಎರಡು ನುಂಗಿದ ಅಜಿತ್ರೋಮೈಸಿನ್, ಅರ್ಧ ಉಳಿದ ಸೆಫಿಕ್ಸಿಮ್ ಪಟ್ಟಿ, ಸೆಫ್ಟ್ರಿಯಾಕ್ಸೋನಿನ ಎರಡು ಖಾಲಿ ಬಾಟಲಿ. ಊರಿನ ಅಂಗಡಿ, ಮಗ್ಗದ ಓಣಿಯ ಅಂಗಡಿ, ಸಲಾಯಿನ್ ಹಚ್ಚಿದ ಕ್ಲಿನಿಕ್ಕು: ಮೂರು ಮೆಟ್ಟಿಲಿಗೆ ಮೂರು ಆಂಟಿಬಯೋಟಿಕ್, ಒಂದೂ ಪೂರ್ತಿಯಾಗಿರಲಿಲ್ಲ.

ಅವರ ರಕ್ತದ ಕಲ್ಚರಿನಲ್ಲಿ ಐದು ದಿನವಾದರೂ ಏನೂ ಬೆಳೆಯಲಿಲ್ಲ. ಕ್ರಿಮಿ ಇರಲಿಲ್ಲವೆಂದಲ್ಲ. ಬಾಟಲಿಯಲ್ಲಿ ಬೆಳೆಯಲಾರದಷ್ಟು ಪೆಟ್ಟು ತಿಂದಿತ್ತು, ಎದೆಯಲ್ಲಿ ಸಾಯದಷ್ಟು ಗಟ್ಟಿಯಾಗಿತ್ತು. ಕತ್ತಲಲ್ಲಿ ತಡವರಿಸಿದಂತೆ ಔಷಧ ಬದಲಿಸುತ್ತ ಹೋದೆವು. ಅವರು ಉಳಿಯಲಿಲ್ಲ. ಅಂದಿನಿಂದ ರೋಗಿಯ ಜೊತೆ ಬಂದವರ ಕೈಚೀಲ ನೋಡದೆ ನಾನು ಯಾವ ವರದಿಯ ಬಗ್ಗೆಯೂ ಮಾತಾಡುವುದಿಲ್ಲ.

2. ರಕ್ತ ಮೊದಲು, ಔಷಧ ಆಮೇಲೆ.

ರಕ್ತ ನಂಜಾಗಿ ಬಿ.ಪಿ. ಕುಸಿದವರಿಗೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಹೋಗಲೇಬೇಕು. ಆದರೆ ಎರಡೂ ಕೈಗಳಿಂದ ರಕ್ತ ತೆಗೆಯಲು ಹತ್ತು ನಿಮಿಷ ಸಾಕು. ದೊಡ್ಡವರಿಗೆ ಬಾಟಲಿಗೆ 8ರಿಂದ 10 ಎಂ.ಎಲ್. ಬೇಕು. ನಂಜಾದ ರಕ್ತದಲ್ಲೂ ಒಂದು ಎಂ.ಎಲ್.ಗೆ ಒಂದೇ ಬ್ಯಾಕ್ಟೀರಿಯಾ ಇದ್ದೀತು, 2 ಎಂ.ಎಲ್. ಕಳಿಸಿ ಏನೂ ಬರಲಿಲ್ಲವೆಂದು ಸಮಾಧಾನಪಡುವುದು, ಕೆರೆಗೆ ಚರಿಗೆ ಅದ್ದಿ ಮೀನಿಲ್ಲ ಎಂದಂತೆ. ಮೊದಮೊದಲು ಅಂಥ ಅರೆತುಂಬಿದ ಬಾಟಲಿಗಳನ್ನು ನಾನೂ ಸುಮ್ಮನೆ ತೆಗೆದುಕೊಂಡಿದ್ದೇನೆ. ಈಗ ವಾರ್ಡಿಗೆ ಫೋನ್ ಮಾಡಿ ಮತ್ತೆ ತೆಗೆಸುತ್ತೇನೆ.

3. ತಟ್ಟೆಯನ್ನು ಒಮ್ಮೆ ಕಣ್ಣಾರೆ ಕಾಣಿ.

ಕಿರಿಯ ಡಾಕ್ಟರುಗಳನ್ನು ನಾನು ಕರೆದು ತೋರಿಸುತ್ತೇನೆ. ಅಗಾರ್ ತಟ್ಟೆಯ ತುಂಬ ಕ್ರಿಮಿ ಸವರಿ, ಔಷಧ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನಿಟ್ಟು, ರಾತ್ರಿಯಿಡೀ ಕಾವಿಗೆ ಬಿಡುತ್ತೇವೆ. ಔಷಧ ನಾಟಿದರೆ ಬೆಳಗ್ಗೆ ಬಿಲ್ಲೆಯ ಸುತ್ತ ತಿಳಿಯಾದ ಬಳೆ ಕಾಣುತ್ತದೆ. ಐಸಿಯುನಿಂದ ಬಂದ ಕ್ಲೆಬ್ಸಿಯೆಲ್ಲಾ ಲೋಳೆಲೋಳೆ. ತಂತಿ ತಾಗಿಸಿ ಎತ್ತಿದರೆ ಕೆಲವೊಮ್ಮೆ ಆಲೆಮನೆಯ ಪಾಕದಂತೆ ಎಳೆ ಏಳುತ್ತದೆ. ಅಂಥದೊಂದು ತಟ್ಟೆಯಲ್ಲಿ ಮೆರೊಪೆನೆಮ್ ಬಿಲ್ಲೆಯ ಅಂಚಿನವರೆಗೂ ಬೆಳೆ ಹಬ್ಬಿತ್ತು, ಬಿಲ್ಲೆ ಬರೀ ಕಾಗದವೇನೋ ಎಂಬಂತೆ.

ಈ ಕ್ರಿಮಿಗಳಲ್ಲಿ ಹಲವು ಎನ್‌ಡಿಎಂ ಎಂಬ ಕಿಣ್ವ ತಯಾರಿಸಿ ಆ ಔಷಧವನ್ನು ಮುರಿದು ಹಾಕುತ್ತವೆ. ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರಲ್ಲಿ 2008ರಲ್ಲಿ ಅದು ಗುರುತಿಗೆ ಬಂತು. ಅದರ ಜೀನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿ ಕೂತು ಕ್ಲೆಬ್ಸಿಯೆಲ್ಲಾದಿಂದ ಇ. ಕೊಲೈಗೂ ದಾಟುತ್ತದೆ. ಆಮೇಲೆ ಕೈಯಲ್ಲಿ ಉಳಿಯುವುದು ದುಬಾರಿಯಾದ ಕೆಲವು ಹೊಸ ಔಷಧ, ಇಲ್ಲವೆ ಕಿಡ್ನಿಗೆ ಪೆಟ್ಟು ಕೊಡುವ ಹಳೆಯ ಕೊಲಿಸ್ಟಿನ್. ಆ ಕೊಲಿಸ್ಟಿನನ್ನು ಕೋಳಿಗಳಿಗೂ ತಿನ್ನಿಸುತ್ತಿದ್ದರು. ಕೇಂದ್ರ ಸರಕಾರ ಆ ಬಳಕೆಯನ್ನು ನಿಷೇಧಿಸಿದ್ದು 2019ರಲ್ಲಿ.

4. ಎಲ್ಲ ನ್ಯುಮೋನಿಯಾ ಒಂದಲ್ಲ.

ಮನೆಯಲ್ಲಿ ಹತ್ತುವುದರಲ್ಲಿ ನ್ಯುಮೋಕಾಕಸ್ ಮುಖ್ಯ. ವೆಂಟಿಲೇಟರ್ ಮೇಲೆ ಹತ್ತುವುದು ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್, ಸೂಡೊಮೊನಾಸ್. ನ್ಯುಮೋಕಾಕಸ್‌ಗೆ ಲಸಿಕೆ ಇದೆ: 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಿಂದ ದೇಶದ ಎಲ್ಲ ಕೂಸುಗಳಿಗೂ ಪುಕ್ಕಟೆ. ಹಾಕಿಸಿ.

5. ಗುಳಿಗೆ ಕೊಂಡವರನ್ನು ಬೈಯಬೇಡಿ.

ನಾನು ಬೈಯುತ್ತಿದ್ದೆ. ನೇಯ್ದಷ್ಟಕ್ಕೇ ಕೂಲಿ ಸಿಗುವವನಿಗೆ ಮಗ್ಗ ನಿಂತ ದಿನ ಪಗಾರವಿಲ್ಲ. ದವಾಖಾನೆಯ ಪಾಳಿಯಲ್ಲಿ ಕೂತರೆ ಮಗ್ಗದ ಪಾಳಿ ಹೋಯಿತು. ಅಂಗಡಿಯವನು ಎರಡು ನಿಮಿಷದಲ್ಲಿ 'ಪವರ್' ಇರುವ ಗುಳಿಗೆ ಕೊಡುತ್ತಾನೆ. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಶೆಡ್ಯೂಲ್ ಎಚ್1ರ ಔಷಧಗಳು. ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. 2014ರಿಂದ ಜಾರಿಯಲ್ಲಿರುವ ನಿಯಮ. ಕೇಳಬೇಕಾದವರು ಕೇಳಬೇಕಾದ್ದು ಆ ಪುಸ್ತಕವನ್ನು, ಜ್ವರದಲ್ಲಿ ನಡುಗುವವನನ್ನಲ್ಲ.

6. ಔಷಧ ಇಳಿಸುವುದೂ ಚಿಕಿತ್ಸೆಯೇ.

ಆಮೇಲೊಮ್ಮೆ ಗಡಹಿಂಗ್ಲಜ ಕಡೆಯಿಂದಲೇ ಒಬ್ಬ ಅಜ್ಜಿ ಬಂದರು. ಅದೇ ಪಕ್ಕೆನೋವು, ಅದೇ ಏದುಸಿರು. ಆದರೆ ಇವರು ಮೊದಲೇನೂ ನುಂಗಿರಲಿಲ್ಲ, ನರ್ಸಮ್ಮ ಎರಡೂ ಬಾಟಲಿ ತುಂಬಿಸಿಯೇ ಮೆರೊಪೆನೆಮ್ ಹಚ್ಚಿದ್ದರು. ಮರುದಿನ ಬಾಟಲಿ ಮಾತಾಡಿತು: ನ್ಯುಮೋಕಾಕಸ್. ಇನ್ನೊಂದು ರಾತ್ರಿ ಕಳೆದ ಮೇಲೆ ತಟ್ಟೆಯೂ ಹೇಳಿತು: ಪೆನ್ಸಿಲಿನ್ ನಾಟುತ್ತಿತ್ತು. ದೊಡ್ಡ ಔಷಧ ನಿಲ್ಲಿಸಿ ಅದನ್ನೇ ಶುರು ಮಾಡಿಸಿದೆವು.

'ಜೋರಿಂದು ತಗದು ಹಳೇದ್ಯಾಕ ಹಚ್ಚಿದ್ರಿ?' ಎಂದು ಮಗ ಗಾಬರಿಯಾದ. ಪೆನ್ಸಿಲಿನ್ ಗುಂಪಿನ ಬಿಲ್ಲೆಯಿದ್ದ ಮುಚ್ಚಿದ ತಟ್ಟೆಯನ್ನು ಬೆಳಕಿಗೆ ಹಿಡಿದು ತೋರಿಸಿದೆ. ಬಿಲ್ಲೆಯ ಸುತ್ತ ಅಗಲವಾದ ತಿಳಿ ಬಳೆ ಇತ್ತು. ಅವನು ಬಗ್ಗಿ, ಮುಟ್ಟದೆ, ಗಾಜಿನ ಮೇಲಿಂದ ಬೆರಳಲ್ಲಿ ಆ ಬಳೆಯ ಸುತ್ತ ಒಂದು ಸುತ್ತು ಬಂದ. 'ಇಲ್ಲಿ ಎಲ್ಲಾ ಸತ್ತಾವ್ರಿ?' ಎಂದ. ಹೌದೆಂದೆ. ಅಜ್ಜಿಗೆ ಹೇಳಲು ವಾರ್ಡಿನ ಕಡೆ ಓಡಿದ.