ಬಣ್ಣ ಬಳಿಯದೆ ಬಣ್ಣದ ಮಡಕೆ: ಜಪಾನಿನ ನೆರಿಯಗೆ ಕಲೆ



ಮಡಕೆಯ ಮೇಲಿನ ಚಿತ್ತಾರ ಎಂದೊಡನೆ ನಮಗೆ ನೆನಪಾಗುವುದು ಕುಂಚ ಮತ್ತು ಬಣ್ಣ. ಅಂಥ ಮಡಕೆ ಒಡೆದರೆ ಚೂರಿನ ಅಂಚಿನಲ್ಲಿ ಬರಿಯ ಮಣ್ಣು ಕಾಣುತ್ತದೆ. ಆದರೆ ಜಪಾನಿನ ಒಂದು ಬಗೆಯ ಪಾತ್ರೆ ಒಡೆದರೆ ಅಂಚಿನಲ್ಲೂ ಬಣ್ಣದ ಪಟ್ಟೆಗಳೇ ಕಾಣುತ್ತವೆ. ಅಲ್ಲಿ ಚಿತ್ತಾರ ಮಣ್ಣಿನ ಮೇಲಿಲ್ಲ, ಮಣ್ಣೇ ಚಿತ್ತಾರ. ಈ ವಿಧಾನದ ಹೆಸರು ನೆರಿಯಗೆ.

ಮಾಡುವ ಬಗೆ

ಬೇರೆ ಬೇರೆ ಬಣ್ಣದ ಚಪಾತಿ ಹಿಟ್ಟನ್ನು ಒಂದರ ಮೇಲೊಂದು ಇಟ್ಟು, ಒತ್ತಿ, ಸುರುಳಿ ಸುತ್ತಿ, ಅಡ್ಡಲಾಗಿ ಕತ್ತರಿಸಿದರೆ ಏನು ಕಾಣುತ್ತದೆ? ಸುರುಳಿ ಗೆರೆಗಳು. ನೆರಿಯಗೆಯ ಮೂಲ ತತ್ವವೂ ಇದೇ. ಬಣ್ಣದ ಮಣ್ಣಿನ ಪದರಗಳನ್ನು ಜೋಡಿಸಿ ಒಂದು ಮುದ್ದೆ ಮಾಡುತ್ತಾರೆ. ಅದನ್ನು ಹಾಳೆಗಳಾಗಿ ಕತ್ತರಿಸಿ ಅಚ್ಚಿನಲ್ಲಿ ಕೂರಿಸುತ್ತಾರೆ, ಇಲ್ಲವೇ ಚಕ್ರದ ಮೇಲೆ ಏರಿಸುತ್ತಾರೆ. ಚೀನಾದಲ್ಲಿ ತಾಂಗ್ ವಂಶದ ಕಾಲದಲ್ಲೇ (618–907) ಇಂಥ ಪಾತ್ರೆಗಳಿದ್ದವು.

ತೊಡಕು ಎಲ್ಲಿದೆ?

ಕೇಳಲು ಸುಲಭ, ಮಾಡಲು ಕಷ್ಟ. ಹಸಿ ಮಣ್ಣು ಒಣಗುವಾಗ ನೀರು ಆವಿಯಾಗಿ, ಕಣಗಳು ಹತ್ತಿರ ಸರಿದು ಮಡಕೆ ಕುಗ್ಗುತ್ತದೆ. ಸುಡುವಾಗ ಮತ್ತಷ್ಟು ಕುಗ್ಗುತ್ತದೆ. ಎಲ್ಲ ಮಣ್ಣೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಎರಡು ಜಾತಿಯ ಮಣ್ಣನ್ನು ಬೆಸೆದಾಗ ಒಂದು ಹೆಚ್ಚು, ಇನ್ನೊಂದು ಕಡಿಮೆ ಕುಗ್ಗಿದರೆ ಬೆಸುಗೆಯಲ್ಲೇ ಬಿರುಕು ಬೀಳುತ್ತದೆ. ಹಲವು ದಿನಗಳ ದುಡಿಮೆ ಆವಿಗೆಯಲ್ಲಿ ಹಾಳಾಗುತ್ತದೆ.

ಮಾತ್ಸುಯಿ ಕೋಸೆಯ್ ಕಂಡ ದಾರಿ

ಮಾತ್ಸುಯಿ ಕೋಸೆಯ್ (1927–2003) ಜಪಾನಿನ ಕಸಾಮಾ ಊರಿನ ಬೌದ್ಧ ಮಂದಿರವೊಂದರ ಗುರು, ಜೊತೆಗೆ ಕುಂಬಾರ. ಅವರು ಬೇರೆ ಬೇರೆ ಮಣ್ಣುಗಳನ್ನು ಬೆರೆಸುವ ಬದಲು ಒಂದೇ ಮೂಲಮಣ್ಣನ್ನು ತೆಗೆದುಕೊಂಡು, ಅದರ ಪಾಲುಗಳಿಗೆ ಬೇರೆ ಬೇರೆ ಬಣ್ಣಕಾರಕಗಳನ್ನು ಸೇರಿಸಿದರು. ಬಣ್ಣ ಬೇರೆಯಾದರೂ ಮಣ್ಣು ಒಂದೇ, ಆದ್ದರಿಂದ ಕುಗ್ಗುವಿಕೆಯೂ ಬಹುಮಟ್ಟಿಗೆ ಒಂದೇ.

ಇನ್ನೊಂದು ತೊಡಕಿತ್ತು. ಚಕ್ರ ತಿರುಗುವಾಗ ಹೊರಗಿನಿಂದ ಕೈ ತಾಗಿದರೆ ಬಣ್ಣಗಳು ಕಲಸಿಹೋಗುತ್ತವೆ. ಅದಕ್ಕಾಗಿ ಒಳಗಿನಿಂದಷ್ಟೇ ಒತ್ತಿ ಪಾತ್ರೆಯನ್ನು ಉಬ್ಬಿಸಿದರು. ಮುಂದೆ ಹೊರಮೈಯನ್ನು ಮೊದಲೇ ಗೀರಿ, ಒಳಗಿನಿಂದ ಉಬ್ಬಿಸಿ, ಬೇಕೆಂದೇ ಬಿರುಕಿನ ವಿನ್ಯಾಸ ಮೂಡಿಸಿದರು. ಕುಂಬಾರ ಹೆದರುವ ಬಿರುಕೇ ಅವರ ಕೈಯಲ್ಲಿ ಅಲಂಕಾರವಾಯಿತು. 1993ರಲ್ಲಿ ಜಪಾನ್ ಸರ್ಕಾರ ನೆರಿಯಗೆ ಕಲೆಗಾಗಿ ಅವರನ್ನು ಗೌರವಿಸಿತು. ಇಂಥ ಗೌರವ ಪಡೆದವರನ್ನು ಅಲ್ಲಿನ ಜನ ‘ಜೀವಂತ ರಾಷ್ಟ್ರೀಯ ನಿಧಿ’ ಎಂದು ಕರೆಯುತ್ತಾರೆ.

ಪಠ್ಯದೊಂದಿಗೆ ನಂಟು

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಲ್ಲಿ ಡಿ-ಬ್ಲಾಕ್ ಧಾತುಗಳನ್ನು ಓದುತ್ತೀರಿ. ಮಣ್ಣಿಗೆ ಬಣ್ಣ ಕೊಡುವವು ಅವುಗಳ ಆಕ್ಸೈಡುಗಳೇ: ಕೋಬಾಲ್ಟ್ ನೀಲಿ, ಕ್ರೋಮಿಯಂ ಹಸಿರು, ಕಬ್ಬಿಣ ಕೆಂಪು-ಕಂದು. ಎಲೆ ಹೂಗಳ ಬಣ್ಣ ಆವಿಗೆಯ ಬೆಂಕಿಯಲ್ಲಿ ಸುಟ್ಟುಹೋಗುತ್ತದೆ, ಇವು ಉಳಿಯುತ್ತವೆ.

ನಮ್ಮ ಬೀದರಿನ ಬಿದ್ರಿ ಕಲೆಯೊಂದಿಗೆ ಇದನ್ನು ಹೋಲಿಸಿ ನೋಡಿ. ಬಿದ್ರಿಯಲ್ಲಿ ಸತು-ತಾಮ್ರದ ಪಾತ್ರೆಯ ಮೇಲ್ಮೈಯನ್ನು ಕೊರೆದು ಬೆಳ್ಳಿ ಕೂರಿಸುತ್ತಾರೆ. ಪಾತ್ರೆ ಮೊದಲು, ಚಿತ್ತಾರ ಆಮೇಲೆ. ನೆರಿಯಗೆಯಲ್ಲಿ ಚಿತ್ತಾರ ಮೊದಲು, ಪಾತ್ರೆ ಆಮೇಲೆ. ಆದ್ದರಿಂದ ಮಣ್ಣು ಕಲಸುವಾಗಲೇ ಕೊನೆಯ ರೂಪ ಕುಂಬಾರನ ಮನಸ್ಸಿನಲ್ಲಿರಬೇಕು. ತಪ್ಪಾದರೆ ಮೇಲೆ ಬಣ್ಣ ಬಳಿದು ಮುಚ್ಚುವಂತಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿಯ ಓದಿಗೂ ವರ್ಷವಿಡೀ ನಡೆಸಿದ ಓದಿಗೂ ಇರುವ ವ್ಯತ್ಯಾಸ ಇದೇ ಅಲ್ಲವೇ?

ಯೋಚಿಸಿ, ಉತ್ತರಿಸಿ

1. ಎರಡು ಬಗೆಯ ಮಣ್ಣನ್ನು ಬೆಸೆದ ಪಾತ್ರೆ ಬಿರುಕು ಬಿಡುವುದೇಕೆ?
2. ಮಾತ್ಸುಯಿ ಒಳಗಿನಿಂದ ಮಾತ್ರ ಒತ್ತಿದ್ದೇಕೆ?
3. ಎರಡು ಬಣ್ಣದ ಹಿಟ್ಟಿನ ಪದರಗಳನ್ನು ಸುತ್ತಿ, ಒಮ್ಮೆ ಅಡ್ಡಲಾಗಿ, ಒಮ್ಮೆ ಉದ್ದಕ್ಕೆ ಕತ್ತರಿಸಿ. ವಿನ್ಯಾಸಗಳು ಹೇಗೆ ಬೇರೆಯಾಗುತ್ತವೆ? ಚಿತ್ರ ಬರೆಯಿರಿ.